ಅಂಗಾಲಿನ ಉರಿ, ಆಂಟಿಬಯಾಟಿಕ್ ಮತ್ತು ನಮ್ಮ ಬಳ್ಳಾರಿ ರಸ್ತೆ



ಈಚಿನ ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳ ಸ್ವರೂಪವೇ ಬದಲಾಗಿದೆ. ಹಿಂದೆ ಮಕ್ಕಳ ಓದು, ಮದುವೆ, ನಿವೇಶನ ಇವುಗಳ ಮಾತಿರುತ್ತಿತ್ತು. ಈಗ ಅವರೇ ಐವತ್ತು ಅರವತ್ತು ದಾಟಿದ್ದಾರೆ. ಮಾತು ಸಕ್ಕರೆ ಕಾಯಿಲೆಯ ಕಡೆಗೆ ಹೊರಳುತ್ತದೆ. "ಮೇಷ್ಟ್ರೇ, ಅಂಗಾಲು ಉರಿಯುತ್ತದೆ, ಬೆರಳುಗಳು ಜೋಮು ಹಿಡಿದಂತಿರುತ್ತವೆ, ಕಾಲಿನಿಂದ ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ. ಇಂಥವರು ಕೆಲವು ಆಂಟಿಬಯಾಟಿಕ್ ಮಾತ್ರೆಗಳನ್ನು ತೆಗೆದುಕೊಳ್ಳಬಾರದಂತೆ, ನಿಜವೇ?" ಎಂದು ಕೇಳಿದವರು ಒಬ್ಬಿಬ್ಬರಲ್ಲ.

ನಾನು ವೈದ್ಯನಲ್ಲ, ಇತಿಹಾಸ ಪಾಠ ಹೇಳಿದವನು. ಯಾರಿಗೆ ಯಾವ ಮಾತ್ರೆ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು. ಆದರೆ ಸೋಂಕನ್ನು ಕೊಲ್ಲುವ ಔಷಧವು ನರಕ್ಕೂ ಪೆಟ್ಟು ಕೊಡಬಲ್ಲದು ಎಂಬ ಸಂಗತಿ ಮನುಷ್ಯನಿಗೆ ಹೇಗೆ ತಿಳಿಯಿತು ಎಂಬುದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಒಂದು ಅಧ್ಯಾಯ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆಯಿತು. ಅದನ್ನು ಬಲ್ಲವರು ವೈದ್ಯರ ಮುಂದೆ ಕುಳಿತಾಗ ಏನನ್ನು ಹೇಳಬೇಕು, ಏನನ್ನು ಕೇಳಬೇಕು ಎಂಬುದನ್ನೂ ಬಲ್ಲವರಾಗುತ್ತಾರೆ.

ದೇವನಹಳ್ಳಿಯಿಂದ ಬೆಂಗಳೂರಿಗೆ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಯಲಹಂಕ, ಹೆಬ್ಬಾಳಗಳನ್ನು ದಾಟಿದ ಮೇಲೆ ಅದೇ ರಸ್ತೆಯಲ್ಲಿ 'ಅವಲಾನ್' ಎಂಬ ಹೆಸರಿನ ಆವರಣವೊಂದಿದೆ. ಅದು ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. 1959ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ವಿಮಾನನಿಲ್ದಾಣಕ್ಕೆ ಓಡುವ ಕಾರುಗಳ ಗದ್ದಲದಲ್ಲಿ ಇಂದು ಅದರ ಕಡೆಗೆ ತಿರುಗಿ ನೋಡುವವರು ಕಡಿಮೆ.

1961ರಿಂದ 1968ರವರೆಗೆ ಈ ಸಂಸ್ಥೆಯ ತಂಡಗಳು ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಕ್ಷಯರೋಗದ ಸಮೀಕ್ಷೆ ನಡೆಸಿದವು. ಆಗ ಬೆಂಗಳೂರು ಗ್ರಾಮಾಂತರ ಎಂಬ ಪ್ರತ್ಯೇಕ ಜಿಲ್ಲೆಯಿರಲಿಲ್ಲ. ಅದು ಬೇರೆಯಾದದ್ದು 1986ರಲ್ಲಿ. ಐದು ವರ್ಷಗಳ ಅವಧಿಯಲ್ಲಿ ಅದೇ ಹಳ್ಳಿಗಳಿಗೆ ನಾಲ್ಕು ಬಾರಿ ಹೋಗಿ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಲಾಯಿತು. ಹಳ್ಳಿಗಳಿಗೆ ವ್ಯವಸ್ಥಿತವಾದ ಕ್ಷಯ ಚಿಕಿತ್ಸೆ ಇನ್ನೂ ತಲುಪಿರದಿದ್ದ ಕಾಲ ಅದು. ಕಫದಲ್ಲಿ ರೋಗಾಣು ಕಂಡಿದ್ದ ರೋಗಿಗಳ ಗತಿ ಐದು ವರ್ಷಗಳ ಕೊನೆಗೆ ಏನಾಗಿತ್ತೆಂದರೆ, ನೂರಕ್ಕೆ 49 ಮಂದಿ ಸತ್ತಿದ್ದರು. ಸುಮಾರು 33 ಮಂದಿಯಲ್ಲಿ ರೋಗ ತಾನಾಗಿಯೇ ಅಡಗಿತ್ತು. ಉಳಿದ 18 ಮಂದಿ ಇನ್ನೂ ಕೆಮ್ಮುತ್ತ, ಇತರರಿಗೆ ಹರಡುತ್ತ ಬದುಕಿದ್ದರು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ಲೆಕ್ಕವನ್ನು ಜಗತ್ತಿನ ವೈದ್ಯಕೀಯ ಗ್ರಂಥಗಳು ಇಂದಿಗೂ ಉಲ್ಲೇಖಿಸುತ್ತವೆ. ಔಷಧದ ಕೆಡುಕುಗಳನ್ನು ಮುಂದೆ ಹೇಳಲಿದ್ದೇನೆ. ಔಷಧವಿಲ್ಲದಿದ್ದರೆ ಅರ್ಧದಷ್ಟು ಜನ ಉಳಿಯುತ್ತಿರಲಿಲ್ಲ ಎಂಬ ನಮ್ಮ ಸೀಮೆಯ ಈ ಲೆಕ್ಕವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ಓದಬೇಕೆಂದು ಕೋರುತ್ತೇನೆ.

ಕ್ಷಯಕ್ಕೆ ದೊರೆತ ಮೊದಲ ಪರಿಣಾಮಕಾರಿ ಆಂಟಿಬಯಾಟಿಕ್ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಅದನ್ನು ಮಣ್ಣಿನ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದನು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಪ್ರಕಟಿಸಿದ ಪರೀಕ್ಷೆ ಈ ಔಷಧವು ಜೀವ ಉಳಿಸುತ್ತದೆ ಎಂಬುದನ್ನು ತೋರಿಸಿತು. ಔಷಧ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಲೆಸುತ್ತು ಬಂದದ್ದನ್ನೂ ಅದೇ ವರದಿ ದಾಖಲಿಸಿತು. ದೇಹದ ಸಮತೋಲವನ್ನು ಕಾಯುವ ಒಳಗಿವಿಗೆ ಔಷಧ ಪೆಟ್ಟು ಕೊಟ್ಟಿತ್ತು. ಇದೇ ಗುಂಪಿನ ಕ್ಯಾನಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದುಗಳಿಗೂ ಕಿವಿಯನ್ನು ಕೆಡಿಸುವ ಗುಣವಿದೆ. ಹೀಗೆ ಹೋದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳುವುದಿಲ್ಲ.

ನಾಲ್ಕು ವರ್ಷಗಳ ನಂತರ, 1952ರಲ್ಲಿ, ಐಸೋನಿಯಾಜಿಡ್ ಬಂದಿತು. ಇದರದೂ ಒಂದು ವಿಚಿತ್ರ ಕಥೆ. ಈ ರಾಸಾಯನಿಕವನ್ನು 1912ರಲ್ಲಿಯೇ ಪ್ರಾಗ್ ನಗರದಲ್ಲಿ ತಯಾರಿಸಿದ್ದರು. ಅದು ಕ್ಷಯದ ರೋಗಾಣುವನ್ನು ಕೊಲ್ಲಬಲ್ಲದು ಎಂಬುದು ನಲವತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. ಚುಚ್ಚುಮದ್ದು ಬೇಡ, ಬೆಲೆ ಕಡಿಮೆ, ಮನೆಯಲ್ಲಿಯೇ ನುಂಗಬಹುದಾದ ಮಾತ್ರೆ. ಬಡ ದೇಶಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಚಿಕಿತ್ಸಾ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಬಡ ಕುಟುಂಬಗಳ ರೋಗಿಗಳು ಸ್ಯಾನಟೋರಿಯಂ ಸೇರದೆ ಮನೆಯಲ್ಲಿಯೇ ಮಾತ್ರೆ ನುಂಗಿದರೂ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂಬುದನ್ನು ಅದು 1959ರಲ್ಲಿ ತೋರಿಸಿಕೊಟ್ಟಿತು. ಅದೇ ಕೇಂದ್ರದಲ್ಲಿ ಐಸೋನಿಯಾಜಿಡನ್ನು ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡ ಕೆಲವು ರೋಗಿಗಳು ಒಂದು ದೂರು ಹೇಳತೊಡಗಿದರು: ಅಂಗಾಲು ಉರಿ, ಬೆರಳುಗಳಲ್ಲಿ ಜುಮುಜುಮು. ಹೊರಗಿನಿಂದ ನೋಡಿದರೆ ಏನೂ ಕಾಣುವಂತಿಲ್ಲ. ಎದೆಯ ಎಕ್ಸ್‌ರೇಯಲ್ಲಿ ರೋಗ ಇಳಿಮುಖ. ಆದರೂ ಅಲ್ಲಿನ ವೈದ್ಯರು ಆ ಮಾತನ್ನು ತಳ್ಳಿಹಾಕಲಿಲ್ಲ. ಬರೆದುಕೊಂಡರು, ಲೆಕ್ಕ ಹಾಕಿದರು, 1960ರಲ್ಲಿ ಪ್ರಕಟಿಸಿದರು.

ಕಾರಣವೂ ತಿಳಿದುಬಂದಿತು. ನರಗಳಿಗೆ ಅತ್ಯಗತ್ಯವಾದ ಬಿ-6 ಜೀವಸತ್ವ, ಅಂದರೆ ಪಿರಿಡಾಕ್ಸಿನ್, ದೇಹದಲ್ಲಿ ಮಾಡಬೇಕಾದ ಕೆಲಸಕ್ಕೆ ಐಸೋನಿಯಾಜಿಡ್ ಅಡ್ಡಿಯಾಗುತ್ತದೆ. ಊಟದಲ್ಲಿ ಸತ್ವ ಕಡಿಮೆಯಿರುವವರಿಗೆ ಪೆಟ್ಟು ಬೇಗ ತಗಲುತ್ತದೆ. ಇದರ ಜೊತೆಗೆ, ಈ ಔಷಧವನ್ನು ಕೆಲವರ ದೇಹ ಬೇಗನೆ ಕರಗಿಸಿ ಹೊರಹಾಕುತ್ತದೆ, ಕೆಲವರದು ನಿಧಾನ. ಇದು ಹುಟ್ಟಿನಿಂದ ಬಂದ ಗುಣ. ನಮ್ಮ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಧಾನದ ಗುಂಪಿನವರು. ಪರಿಹಾರ ಬಹಳ ಅಗ್ಗದ್ದಾಗಿತ್ತು. ದಿನಕ್ಕೆ ಕೇವಲ 6 ಮಿಲಿಗ್ರಾಂ ಪಿರಿಡಾಕ್ಸಿನ್ ಜೊತೆಗೆ ಕೊಟ್ಟರೆ ನರಬಾಧೆಯನ್ನು ತಡೆಯಬಹುದು ಎಂಬುದನ್ನು ಅದೇ ಮದರಾಸಿನ ಕೇಂದ್ರ ಆ ದಶಕದಲ್ಲಿ ತೋರಿಸಿತು. ಇಂದು ಕ್ಷಯದ ಮಾತ್ರೆಯೊಡನೆ ಪುಟ್ಟ ವಿಟಮಿನ್ ಮಾತ್ರೆಯೊಂದನ್ನು ಕೊಟ್ಟರೆ, ಅದರ ಹಿಂದೆ ಆ ಬಡ ರೋಗಿಗಳು ಬಾಯಿಬಿಟ್ಟು ಹೇಳಿದ ಮಾತು ಇದೆಯೆಂದು ತಿಳಿಯಿರಿ. ಹಾಗೆಂದು ಬಿ-6 ಮಾತ್ರೆಯನ್ನು ಮನಬಂದಂತೆ ನುಂಗಲಾಗದು. ಅತಿಯಾದ ಪ್ರಮಾಣದ ಬಿ-6 ತಾನೇ ನರಗಳನ್ನು ಕೆಡಿಸುತ್ತದೆ ಎಂಬುದು 1983ರಲ್ಲಿ ದಾಖಲಾಯಿತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ರೋಗಿಯ ಮಾತನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕಥೆಯಿದೆ. 1950ರ ದಶಕದ ನಡುವಿನಿಂದ ಅಲ್ಲಿ ಹೊಟ್ಟೆನೋವು, ಭೇದಿಯ ನಂತರ ಕಾಲು ಮರಗಟ್ಟಿ, ನಡೆಯಲಾರದೆ, ಕೆಲವರಿಗೆ ಕಣ್ಣೂ ಹೋಗುವ ಕಾಯಿಲೆ ಕಾಣಿಸಿಕೊಂಡಿತು. ಇದು ಅಂಟುರೋಗವೆಂಬ ಸುದ್ದಿ ಹಬ್ಬಿ, ನೆರೆಹೊರೆಯವರು ರೋಗಿಗಳನ್ನು ದೂರವಿಟ್ಟರು. 1970ರಲ್ಲಿ ಕೆಲವು ರೋಗಿಗಳ ನಾಲಗೆ ಮತ್ತು ಮೂತ್ರ ಹಸಿರು ಬಣ್ಣಕ್ಕೆ ತಿರುಗಿದ್ದರ ಜಾಡು ಹಿಡಿದು ಪರೀಕ್ಷಿಸಿದಾಗ, ಆ ಹಸಿರು ಕ್ಲಿಯೊಕ್ವಿನಾಲ್ ಎಂಬ ಭೇದಿಯ ಔಷಧದಿಂದ ಬಂದದ್ದೆಂದು ತಿಳಿಯಿತು. ಭೇದಿಗೆಂದು ಕೊಟ್ಟ ಮಾತ್ರೆಯೇ ನರಗಳನ್ನು ತಿಂದಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜಪಾನ್ ಸರಕಾರ ಅದರ ಮಾರಾಟವನ್ನು ನಿಲ್ಲಿಸಿತು. ಹೊಸ ರೋಗಿಗಳು ಬರುವುದೂ ಬಹುಮಟ್ಟಿಗೆ ನಿಂತಿತು. ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಊನಗೊಂಡಿದ್ದರು. ಇದೇ ಔಷಧ 'ಎಂಟರೋ ವಯೋಫಾರ್ಮ್' ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿಯೂ ಮಾರಾಟವಾಗುತ್ತಿತ್ತು. ನಮ್ಮ ತಲೆಮಾರಿನ ಅನೇಕರಿಗೆ ಆ ಹೆಸರು ನೆನಪಿರಬಹುದು.

ಇನ್ನು ಇಂದಿನ ಮಾತು. ಈಗಾಗಲೇ ನರಗಳು ದುರ್ಬಲವಾಗಿರುವವರು ವೈದ್ಯರೊಡನೆ ಎಚ್ಚರಿಕೆಯಿಂದ ಚರ್ಚಿಸಬೇಕಾದ ಔಷಧಗಳು ಮುಖ್ಯವಾಗಿ ಇವು. ಮೊದಲನೆಯದು ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಮುಂತಾದ ಫ್ಲೋರೋಕ್ವಿನೋಲೋನ್ ಗುಂಪು. ಇವುಗಳಿಂದಾಗುವ ನರಹಾನಿ ಕೆಲವೇ ದಿನಗಳಲ್ಲಿ ತೋರಬಹುದು, ಶಾಶ್ವತವಾಗಿಯೂ ಉಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಸಿತು. ಬೇರೆ ಔಷಧದಿಂದ ಗುಣವಾಗಬಲ್ಲ ಸಾಧಾರಣ ಮೂತ್ರದ ಸೋಂಕು, ಸೈನಸ್ ತೊಂದರೆಗಳಿಗೆ ಇವನ್ನು ಬಳಸಬೇಡಿರೆಂದು 2016ರಲ್ಲಿ ಹೇಳಿತು. ಎರಡನೆಯದು ಮೆಟ್ರೋನಿಡಜೋಲ್, ವಾರಗಟ್ಟಲೆ ತೆಗೆದುಕೊಂಡಾಗ ನರಬಾಧೆಯ ಭಯ ಹೆಚ್ಚು. ಮೂರನೆಯದು ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್. ಮಧುಮೇಹ ಮತ್ತು ಮೂತ್ರಪಿಂಡದ ದೌರ್ಬಲ್ಯ ಇದ್ದವರಲ್ಲಿ ಇದರ ಅಪಾಯ ಏರುತ್ತದೆ. ನಾಲ್ಕನೆಯದು ಲಿನೆಜೋಲಿಡ್, ನಾಲ್ಕು ವಾರ ಮೀರಿದರೆ ಕೈಕಾಲಿನ ನರಗಳಿಗೂ ಕಣ್ಣಿನ ನರಕ್ಕೂ ತೊಂದರೆಯಾಗಬಹುದು. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಲೋಸ್ಪೊರಿನ್, ಡಾಕ್ಸಿಸೈಕ್ಲಿನ್ ಇವುಗಳಿಗೆ ಕೈಕಾಲಿನ ನರಗಳನ್ನು ಕೆಡಿಸುವ ಅಪಖ್ಯಾತಿ ಸಾಮಾನ್ಯವಾಗಿ ಇಲ್ಲ. ಆದರೆ ಸೋಂಕಿನ ರೋಗಾಣು ಅವುಗಳಿಗೆ ಬಗ್ಗಬೇಕಲ್ಲ! ಅದನ್ನು ಹೇಳಬಲ್ಲವರು ವೈದ್ಯರು ಮತ್ತು ಪ್ರಯೋಗಾಲಯದವರು.

ಇಲ್ಲಿ ನಮ್ಮವರ ಒಂದು ಅಭ್ಯಾಸವನ್ನು ಹೇಳಲೇಬೇಕು. ಭೇದಿಯಾದರೆ ಔಷಧದ ಅಂಗಡಿಗೆ ಹೋಗಿ "ಲೂಸ್ ಮೋಷನ್‌ಗೆ ಒಂದು ಮಾತ್ರೆ ಕೊಡಪ್ಪ" ಎನ್ನುತ್ತೇವೆ. ಹಾಗೆ ಸಿಗುವ ಮಾತ್ರೆಗಳಲ್ಲಿ ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಎರಡೂ ಸೇರಿರುವ ಜಂಟಿ ಮಾತ್ರೆ ಬಹಳ ಬಳಕೆಯಲ್ಲಿದೆ. ಮೊದಲನೆಯದು ಫ್ಲೋರೋಕ್ವಿನೋಲೋನ್, ಎರಡನೆಯದು ಮೆಟ್ರೋನಿಡಜೋಲಿನ ಬಂಧು. ಅಂಗಾಲು ಉರಿಯುವವನಿಗೆ ಒಂದೇ ಗುಟುಕಿನಲ್ಲಿ ಎರಡು ಚಿಂತೆ. ಸಾಮಾನ್ಯ ಭೇದಿಗೆ ಬಹುತೇಕ ಬೇಕಾಗಿರುವುದು ಓಆರ್‌ಎಸ್ ನೀರು ಮತ್ತು ವಿಶ್ರಾಂತಿ.

ಮಾರ್ಗ ಸುಧಾರಿಸುತ್ತಿದೆ ಎಂಬುದಕ್ಕೂ ಕ್ಷಯವೇ ಸಾಕ್ಷಿ. ಔಷಧಗಳಿಗೆ ಬಗ್ಗದ ಕ್ಷಯಕ್ಕೆ ತಿಂಗಳುಗಟ್ಟಲೆ ಕ್ಯಾನಮೈಸಿನ್ ಚುಚ್ಚಿ ಅನೇಕರು ಕಿವಿ ಕಳೆದುಕೊಂಡರು. ಈಗ ಕೇವಲ ಮಾತ್ರೆಗಳ ಚಿಕಿತ್ಸೆ ಬಂದಿದೆ. ದಕ್ಷಿಣ ಆಫ್ರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ದಿನಕ್ಕೆ 1200 ಮಿಲಿಗ್ರಾಂ ಲಿನೆಜೋಲಿಡ್ ಕೊಟ್ಟಾಗ ನೂರಕ್ಕೆ 81 ಮಂದಿಗೆ ನರಬಾಧೆಯಾಯಿತು. 2022ರಲ್ಲಿ ಪ್ರಕಟವಾದ ಮುಂದಿನ ಪರೀಕ್ಷೆಯಲ್ಲಿ 600 ಮಿಲಿಗ್ರಾಂ ಕೊಟ್ಟು ನೋಡಿದರು. 26 ವಾರ ಅಷ್ಟನ್ನು ಪಡೆದವರಲ್ಲಿ ನರಬಾಧೆ ನೂರಕ್ಕೆ 24ಕ್ಕೆ ಇಳಿಯಿತು. ಗುಣವಾಗುವವರ ಪ್ರಮಾಣ ಹೆಚ್ಚೇನೂ ಕುಗ್ಗಲಿಲ್ಲ. ಈ ಔಷಧವೂ ಸೇರಿರುವ ಆರು ತಿಂಗಳ ಹೊಸ ಚಿಕಿತ್ಸಾಕ್ರಮಕ್ಕೆ ಭಾರತ ಸರಕಾರ 2024ರಲ್ಲಿ ಒಪ್ಪಿಗೆ ನೀಡಿತು. ಪ್ರತಿ ಹೆಜ್ಜೆಯಲ್ಲಿಯೂ ರೋಗಿಗಳನ್ನು "ಕಾಲು ಜೋಮು ಹಿಡಿಯುತ್ತದೆಯೇ?" ಎಂದು ಕೇಳಿದ್ದರಿಂದಲೇ ಈ ಲೆಕ್ಕ ಸಾಧ್ಯವಾಯಿತು.

ನರದ ನೋವಿನ ಲಕ್ಷಣವೇ ಇದು. ಜ್ವರವನ್ನು ಥರ್ಮಾಮೀಟರ್ ಹೇಳುತ್ತದೆ, ಸಕ್ಕರೆಯನ್ನು ರಕ್ತ ಹೇಳುತ್ತದೆ. ಜೋಮನ್ನು ಮೊದಲು ಹೇಳಬಲ್ಲವನು ಅದನ್ನು ಅನುಭವಿಸುವವನು ಮಾತ್ರ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಹೇಳುತ್ತೇನೆ. ವೈದ್ಯರು ಚೀಟಿ ಬರೆಯುವ ಮೊದಲೇ "ನನಗೆ ನರದ ತೊಂದರೆಯಿದೆ" ಎಂದು ಬಾಯಿಬಿಟ್ಟು ಹೇಳಿರಿ. ಅವರು ಕೇಳಲಿ ಎಂದು ಕಾಯಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಕುಡಿತದ ಅಭ್ಯಾಸ, ಹಿಂದೆ ಯಾವುದಾದರೂ ಮಾತ್ರೆಯಿಂದ ಕಾಲು ಉರಿದದ್ದು, ಇವುಗಳಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ಈ ಔಷಧಕ್ಕೆ ಬದಲು ಇದೆಯೇ, ಎಷ್ಟು ದಿನ ತೆಗೆದುಕೊಳ್ಳಬೇಕು, ಬಿ-6 ಬೇಕೇ ಎಂದು ಕೇಳಿರಿ. ಔಷಧ ಆರಂಭಿಸಿದ ಮೇಲೆ ಜೋಮು, ಉರಿ ಹೊಸದಾಗಿ ಬಂದರೆ ಅಥವಾ ಹೆಚ್ಚಾದರೆ, ಕಿವಿ ಮಂದವಾದರೆ, ದೃಷ್ಟಿ ಮಸುಕಾದರೆ ಅಂದೇ ತಿಳಿಸಿರಿ.

ಹಾಗೆಯೇ, ಹೆದರಿಕೆಯಿಂದ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕ್ಷಯದ ವಿಷಯದಲ್ಲಂತೂ ಅದು ಪ್ರಾಣಕ್ಕೆ ಎರವು. 119 ಹಳ್ಳಿಗಳ ಆ ಲೆಕ್ಕವನ್ನು ನೆನಪಿಸಿಕೊಳ್ಳಿರಿ. ಮಾತ್ರೆ ಬದಲಿಸಬಹುದು, ಪ್ರಮಾಣ ತಗ್ಗಿಸಬಹುದು, ವಿಟಮಿನ್ ಸೇರಿಸಬಹುದು. ಆದರೆ ಅದನ್ನು ವೈದ್ಯರೊಡನೆ ಕುಳಿತು ಮಾಡಬೇಕು.

ವೈದ್ಯರ ಮುಂದೆಯೂ ವಕೀಲರ ಮುಂದೆಯೂ ಏನನ್ನೂ ಬಚ್ಚಿಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ತರಗತಿಯಲ್ಲಿ ಪ್ರಶ್ನೆ ಕೇಳಲು ನಾಚುತ್ತಿದ್ದವರೂ ಆಸ್ಪತ್ರೆಯಲ್ಲಿ ನಾಚದಿರಲಿ. ಎಲ್ಲರ ಆರೋಗ್ಯವನ್ನೂ ಹಾರೈಸುತ್ತೇನೆ.