ಪುಂಗಿಯ ವೇಷ, ತಂಬೂರಿಯ ವೇಷ: ಮಂಡ್ಯ ಸೀಮೆಯಲ್ಲಿ ಎಲೆಕ್ಟ್ರಾನಿಕ್ ನಾದದ ಚರಿತ್ರೆ

ಭಾರತದ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆ ಬರೆಯುವವರು ಈಗ ಸಾಮಾನ್ಯವಾಗಿ ಎರಡು ಘಟನೆಗಳಿಂದ ಶುರುಮಾಡುತ್ತಾರೆ. ಮೊದಲನೆಯದು ಅಹಮದಾಬಾದಿನದು. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಅಣಿಗೊಳಿಸಿಕೊಟ್ಟರು. 1972ರವರೆಗೆ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಅದರಲ್ಲಿ ಮಾಡಿದ ಪ್ರಯೋಗಗಳು ಟೇಪಿಗೆ ಇಳಿದು ಸಂಸ್ಥೆಯ ಸಂಗ್ರಹದಲ್ಲೇ ಉಳಿದವು. 2017ರಲ್ಲಿ ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವುಗಳನ್ನು ಪತ್ತೆಹಚ್ಚಿದರು. 2023ರಲ್ಲಿ ಅವು ಧ್ವನಿಮುದ್ರಿಕೆಯಾಗಿ ಹೊರಬಂದವು. ಎರಡನೆಯದು ಮುಂಬಯಿಯದು. ಸಿನಿಮಾ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಮೂರು ರೋಲ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ನಡೆಯಲ್ಲಿ ನುಡಿಸಿ ಒಂದು ಎಲ್‌ಪಿ ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ, 1987ರಲ್ಲಿ ಶಿಕಾಗೊದಲ್ಲಿ ಹುಟ್ಟಿದ್ದೆಂದು ನಂಬಿದ್ದ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತದ ಧಾಟಿ ಅದಕ್ಕೆ ಐದು ವರ್ಷ ಮುಂಚೆಯೇ ಮುಂಬಯಿಯಲ್ಲಿ ಕೇಳಿಸಿತ್ತಲ್ಲ ಎಂದು ಯುರೋಪಿನವರು ಬೆರಗಾದರು.

ಎರಡೂ ಕಥೆಗಳ ಹಂದರ ಒಂದೇ. ಒಂದು ಅಪರೂಪದ ಯಂತ್ರ, ಮೂಲೆ ಸೇರಿದ ಒಂದು ಮುದ್ರಿಕೆ, ದಶಕಗಳ ಮೇಲೆ ಹೊರಗಿನಿಂದ ಬಂದು ಧೂಳು ಕೊಡವಿದ ಒಬ್ಬ ಶೋಧಕ. ಇದೇ ಹಂದರ ಹೊತ್ತು ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಇಲ್ಲಿ ಮೂಗ್ ಇರಲಿಲ್ಲ, ಪ್ರಯೋಗಶಾಲೆ ಇರಲಿಲ್ಲ. ಹಾಗಂತ ಎಲೆಕ್ಟ್ರಾನಿಕ್ ನಾದ ಈ ಸೀಮೆಗೆ ಬರಲಿಲ್ಲವೆ? ಬಂತು, ಊರೂರಿಗೆ ಬಂತು. ತನ್ನ ಹೆಸರಿನಲ್ಲಿ ಬರದೆ ಪುಂಗಿ, ತಂಬೂರಿ, ಹಾರ್ಮೋನಿಯಂ, ತಮಟೆಗಳ ವೇಷ ಕಟ್ಟಿಕೊಂಡು ಬಂತು. ಅದಕ್ಕೇ ಅದು ಯಾರ ದಾಖಲೆಗೂ ಸಿಗಲಿಲ್ಲ ಎಂಬುದು ಈ ಲೇಖನದ ವಾದ.

ವಿದ್ಯುತ್ತಿನ ವಿಷಯದಲ್ಲಿ ಈ ಸೀಮೆ ಹಿಂದೆ ಬಿದ್ದದ್ದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಹುಟ್ಟಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಅದೇ ಕಾಲಕ್ಕೆ ಅಮೆರಿಕದಲ್ಲಿ ಥಾಡಿಯಸ್ ಕೇಹಿಲ್ ಎಂಬಾತ ತಿರುಗುವ ಡೈನಮೋಗಳಿಂದಲೇ ಸ್ವರ ಹೊರಡಿಸಿ, ಟೆಲಿಫೋನ್ ತಂತಿಯಲ್ಲಿ ಮನೆಮನೆಗೆ ಕಳುಹಿಸುವ ಟೆಲ್ಹಾರ್ಮೋನಿಯಂ ಎಂಬ ಭಾರೀ ಯಂತ್ರ ಕಟ್ಟುತ್ತಿದ್ದ. 1906ರಲ್ಲಿ ನ್ಯೂಯಾರ್ಕಿನವರು ಅದನ್ನು ಕೇಳಿದರು. ಡೈನಮೋ ನಮ್ಮಲ್ಲೂ ತಿರುಗುತ್ತಿತ್ತು, ಅದರ ಕರೆಂಟು ಮಾತ್ರ ಗಣಿಗೆ ಹೋಗುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ ದೀಪ ಹೊತ್ತಿದ್ದು ಎಷ್ಟೋ ವರ್ಷಗಳ ಮೇಲೆ.

ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅಲ್ಲಿಯವರೆಗೆ ಇದೆಲ್ಲ ಮೈಸೂರು ಜಿಲ್ಲೆಯೇ. ಮೈಸೂರಿನ ಅರಮನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹಾರ್ನ್ ವಯೊಲಿನ್, ಕ್ಯಾಲಿಯಾಫೋನ್‌ಗಳ ಜೊತೆಗೆ ಥೆರೆಮಿನ್ ಕೂಡ ಬಂದಿತ್ತು. ರಷ್ಯದ ಲೆವ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿದ, ಮುಟ್ಟದೆ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಾದ್ಯ ಅದು. ಆದರೆ ಅರಮನೆಯ ಸದ್ದು ಅರಮನೆಯ ಗೋಡೆ ದಾಟಲಿಲ್ಲ. ಹಳ್ಳಿಯ ಕಿವಿಗೆ ಬಿದ್ದ ಮೊದಲ ಎಲೆಕ್ಟ್ರಾನಿಕ್ ಸ್ವರ ಯಾವುದೆಂದು ಕೇಳಿದರೆ ನನ್ನ ಉತ್ತರ: ಹಾವಾಡಿಗನ ಪುಂಗಿ.

1954ರ ಹಿಂದಿ ಚಿತ್ರ ‘ನಾಗಿನ್’ನಲ್ಲಿ ಕೇಳುವ ಪುಂಗಿ ನಿಜವಾದ ಪುಂಗಿಯಲ್ಲ. ಹೇಮಂತ್ ಕುಮಾರ್ ಸಂಗೀತಕ್ಕೆ ಕಲ್ಯಾಣ್‌ಜಿ ಕ್ಲಾವಿಯೊಲಿನ್ ಎಂಬ ವಾದ್ಯದಲ್ಲಿ ಅದನ್ನು ನುಡಿಸಿದರು, ಜೊತೆಗೆ ರವಿ ಹಾರ್ಮೋನಿಯಂ ಹಿಡಿದರು. ಕ್ಲಾವಿಯೊಲಿನ್ 1947ರಲ್ಲಿ ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ ರೂಪಿಸಿದ ವಾಲ್ವ್ ಯಂತ್ರ. ಸಣ್ಣ ಕೀಲಿಮಣೆ, ಒಂದು ಸಲಕ್ಕೆ ಒಂದೇ ಸ್ವರ. ಕಿವಿಗೊಟ್ಟು ಕೇಳಿದರೆ ವೇಷ ಎಲ್ಲಿ ಕಳಚುತ್ತದೆಂದು ಗೊತ್ತಾಗುತ್ತದೆ. ಪುಂಗಿಗೆ ಎರಡು ಕೊಳವೆ: ಒಂದು ಧಾಟಿ ನುಡಿಸುವುದಕ್ಕೆ, ಇನ್ನೊಂದು ಬಿಡದೆ ಶ್ರುತಿ ಹಿಡಿಯುವುದಕ್ಕೆ. ಕ್ಲಾವಿಯೊಲಿನ್‌ಗೆ ಎರಡನೆಯದು ಸಾಧ್ಯವೇ ಇಲ್ಲ. ಹಾಗಿದ್ದೂ ಆ ಧಾಟಿ ಎಷ್ಟು ಗಟ್ಟಿಯಾಗಿ ನೆಲೆಸಿತೆಂದರೆ, ಇವತ್ತಿಗೂ ಮದುವೆ ಮೆರವಣಿಗೆಯಲ್ಲಿ ಟವೆಲ್ ಹಲ್ಲಿಗೆ ಕಚ್ಚಿಕೊಂಡು ಕುಣಿಯುವ ಹುಡುಗರಿಗೆ ಬ್ಯಾಂಡ್‌ಸೆಟ್ಟಿನವರು ನುಡಿಸುವುದು ಆ ಫ್ರೆಂಚ್ ಯಂತ್ರದ ನೆರಳನ್ನೇ. ಅಸಲಿ ಪುಂಗಿ ಕೇಳಿದರೆ ಅವರಿಗೆ ಸಪ್ಪೆಯಾದೀತು.

ಸಿನಿಮಾದ ದಾರಿ ಚೆನ್ನಾಗಿ ಗೊತ್ತಿರುವಂಥದು, ಚುಟುಕಾಗಿ ಹೇಳಿಬಿಡಬಹುದು. ಕನ್ನಡದ ಹಾಡುಗಳು ಬಹುಕಾಲ ಮದರಾಸಿನಲ್ಲೇ ಮುದ್ರಣವಾಗುತ್ತಿದ್ದವು. ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಇಳಯರಾಜ ಹಲವಾರು ಕನ್ನಡ ಚಿತ್ರಗಳಿಗೆ ದುಡಿದರು. ಮುಂದೆ 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ಗಳಿಗೆ ತಾವೇ ಸಂಗೀತ ಕೊಟ್ಟರು. ಎ.ಆರ್. ರೆಹಮಾನ್ ಸ್ವತಂತ್ರರಾಗುವ ಮೊದಲು ಯಾರಿಗೆಲ್ಲ ಕೀಬೋರ್ಡ್ ನುಡಿಸಿದರೋ ಆ ಸಂಗೀತ ನಿರ್ದೇಶಕರ ಪಟ್ಟಿಯಲ್ಲಿ ನಮ್ಮ ವಿಜಯಭಾಸ್ಕರ್ ಮತ್ತು ಹಂಸಲೇಖ ಇಬ್ಬರೂ ಇದ್ದಾರೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದರೊಡನೊಂದು ಮಾತಾಡಲು ಮಿಡಿ ಎಂಬ ಏರ್ಪಾಡು 1983ರಲ್ಲಿ ಬಂತು, ಅದೇ ವರ್ಷ ಯಮಹಾ ಡಿಎಕ್ಸ್7 ಸಿಂಥಸೈಜರ್ ಬಂತು. 1987ರ ‘ಪ್ರೇಮಲೋಕ’ದ ಕ್ಯಾಸೆಟ್ಟಿನಲ್ಲಿ ಕೀಬೋರ್ಡೂ ಎಲೆಕ್ಟ್ರಾನಿಕ್ ಡ್ರಮ್ಮೂ ಮರೆಯಲ್ಲಿ ನಿಲ್ಲದೆ ಮುಂದಕ್ಕೆ ಬಂದವು. ಹೋಟೆಲು, ಟೆಂಟು, ಗಣಪತಿ ಪೆಂಡಾಲು, ಎಲ್ಲೆಲ್ಲೂ ಅದೇ ಹಾಡು. ಸಿಂಥಸೈಜರನ್ನು ಸಿಂಥಸೈಜರಾಗಿಯೇ ಮಂಡ್ಯದವರು ಮೆಚ್ಚಿದ್ದು ಆಗ. ಅದಕ್ಕೆ ಹೊಂದುವ ಯಂತ್ರ ನಮ್ಮ ಊರಿನ ರಸಮಂಜರಿ ತಂಡಕ್ಕೂ ಬೇಕು ಅನ್ನಿಸಿದ್ದೂ ಆಗಲೇ.

ಈ ನಡುವೆ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ ತಮ್ಮ ರೇಡೆಲ್ ಕಂಪನಿಯಿಂದ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿ 1979ರ ಡಿಸೆಂಬರಿನಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಪ್ರದರ್ಶಿಸಿದರು. ಟ್ರಾನ್ಸಿಸ್ಟರು, ಐಸಿಗಳಿಂದಲೇ ಸ್ವರ ಹುಟ್ಟಿಸುತ್ತಿದ್ದ ಅದು ಯಾವ ಲೆಕ್ಕದಿಂದ ನೋಡಿದರೂ ಒಂದು ಸಿಂಥಸೈಜರೇ. ನಿಜವಾದ ತಂಬೂರಿಯಿಂದ ಮುದ್ರಿಸಿಕೊಂಡ ಸ್ವರವನ್ನು ನೆನಪಿನ ಚಿಪ್‌ನಲ್ಲಿಟ್ಟು ನುಡಿಸುವ ಪದ್ಧತಿ ಬಂದದ್ದು 90ರ ದಶಕದಲ್ಲಿ. ಅಹಮದಾಬಾದಿನ ಮೂಗ್‌ಗೆ ಇಷ್ಟು ಗೌರವ ಸಲ್ಲಿಸುವ ಚರಿತ್ರಕಾರರು ಈ ಪೆಟ್ಟಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ದಿನವಿಡೀ ಒಂದೇ ನಾದ ಹೊರಡಿಸುತ್ತ ಕೋಟ್ಯಂತರ ಗಂಟೆ ನುಡಿದಿರುವ ಎಲೆಕ್ಟ್ರಾನಿಕ್ ವಾದ್ಯ ಬೇರೆ ಯಾವುದಿದೆ? ಸಂಗೀತ ಪಾಠದ ಮನೆಗಳಲ್ಲಿ ಅದು ಎಷ್ಟು ಒಗ್ಗಿಹೋಯಿತೆಂದರೆ, ಅದು ಯಂತ್ರ ಅನ್ನುವುದೇ ಮರೆತುಹೋಯಿತು.

ಆದರೆ ಮಳವಳ್ಳಿಯ ಇನ್ನೊಂದು ತಂಬೂರಿಗೆ ಈ ಪೆಟ್ಟಿಗೆಯಿಂದ ಏನೂ ಆಗಲಿಲ್ಲ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ಒಕ್ಕಲಾದ ನೀಲಗಾರರು ಕಥೆ ಹೇಳುವಾಗ ತಂಬೂರಿ, ಗಗ್ಗರ, ಡಕ್ಕೆ ಹಿಡಿಯುತ್ತಾರೆ. ಅವರ ತಂಬೂರಿ ಬರೀ ಶ್ರುತಿ ಕೊಡುವುದಿಲ್ಲ. ಬೆರಳು ನಡೆಗೆ ತಕ್ಕಂತೆ ಮೀಟುತ್ತದೆ, ಕಥೆ ಏರಿದಾಗ ಮೀಟು ಬಿರುಸಾಗುತ್ತದೆ, ಮಾತಿಗೆ ಇಳಿದಾಗ ನಿಲ್ಲುತ್ತದೆ. ಶ್ರುತಿಯೂ ಲಯವೂ ಒಂದೇ ಕೈಯಲ್ಲಿರುವ ಕಡೆ ಶ್ರುತಿಯನ್ನಷ್ಟೇ ಬಲ್ಲ ಯಂತ್ರಕ್ಕೆ ಜಾಗವಿಲ್ಲ. ಎಲೆಕ್ಟ್ರಾನಿಕ್ ವಾದ್ಯ ಎಲ್ಲಿ ನೆಲೆಯೂರಿತು ಎಂಬುದರಷ್ಟೇ ಎಲ್ಲಿ ನಿಲ್ಲಲಾರದೆ ಹೋಯಿತು ಎಂಬುದೂ ಚರಿತ್ರೆಯೇ. ಅದೇ ಕಥೆಗಳು ಕ್ಯಾಸೆಟ್ಟಿಗೆ ಹೋದಾಗ ಮಾತ್ರ ಪಟ್ಟು ಸಡಿಲಿತು: ಸೊಲ್ಲು ಸೊಲ್ಲಿನ ನಡುವಿನ ಬಿಡುವನ್ನು ಕೀಬೋರ್ಡ್ ತುಂಬತೊಡಗಿತು.

ಈ ಸೀಮೆಯ ಮುಖ್ಯ ಆಕರ ಇರುವುದು ಪೌರಾಣಿಕ ನಾಟಕದಲ್ಲಿ. ಮಂಡ್ಯ ಜಿಲ್ಲೆಯ ರೈತರು, ನೌಕರರು, ಮೇಷ್ಟ್ರುಗಳು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿದು ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ. ಸೀನರಿಯವರು, ಮೇಕಪ್ಪಿನವರು, ಎಲ್ಲಕ್ಕಿಂತ ಮಿಗಿಲಾಗಿ ಹಾರ್ಮೋನಿಯಂ ಮೇಷ್ಟ್ರು, ಇದೊಂದು ದೊಡ್ಡ ವೃತ್ತಿಜಾಲ. ಹಾರ್ಮೋನಿಯಂ ನಮ್ಮ ಗಮಕಕ್ಕೆ ಒಗ್ಗದ ವಾದ್ಯವೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆ ಮೂವತ್ತು ವರ್ಷ ಮಂಡ್ಯದ ಹಳ್ಳಿಗಳಲ್ಲಿ ದುರ್ಯೋಧನ ಹಾರ್ಮೋನಿಯಂ ಇಲ್ಲದೆ ಒಂದು ಕಂದಪದ್ಯವನ್ನೂ ಹಾಡಲಿಲ್ಲ.

ಇದರ ಪಕ್ಕಕ್ಕೆ ಕೀಬೋರ್ಡ್ ಬಂದು ಕೂತಿತು. ಮೊದಲು ಕಂಡ ಕಂಪನಿಯ ಹೆಸರೇ ವಾದ್ಯದ ಹೆಸರಾಯಿತು. ಕರಪತ್ರದಲ್ಲಿ ತಬಲದ ಕೆಳಗೆ ‘ಕ್ಯಾಸಿಯೊ’ ಅಂತಲೇ ಅಚ್ಚಾಗುತ್ತದೆ. ಕೆಲಸದ ಹಂಚಿಕೆ ಗಮನಿಸಿ. ಕಂದ, ಮಟ್ಟು, ಆಲಾಪಗಳೆಲ್ಲ ಹಾರ್ಮೋನಿಯಂ ಮೇಷ್ಟ್ರ ಪಾಲು. ಕೃಷ್ಣ ಬಂದಾಗ ಕೊಳಲು, ಯುದ್ಧಕ್ಕೆ ಕಹಳೆ, ಅಂತಃಪುರಕ್ಕೆ ವೀಣೆ, ಗುಡುಗು, ಶಂಖ ಕೀಬೋರ್ಡಿನ ಪಾಲು. ಅಂದರೆ ಇಲ್ಲೂ ವೇಷವೇ. ಒಬ್ಬನೇ ನಟ ಒಂದು ರಾತ್ರಿಯಲ್ಲಿ ಹತ್ತು ಪಾತ್ರ ಮಾಡಿದ ಹಾಗೆ. ದೊಡ್ಡ ಕೀಬೋರ್ಡುಗಳಲ್ಲಿ ಸ್ವರವನ್ನು ಬಾಗಿಸುವ ಚಕ್ರವೊಂದಿರುತ್ತದೆ. ಎಡಗೈಯಲ್ಲಿ ಅದನ್ನು ಹದವಾಗಿ ಆಡಿಸಿದರೆ, ಹಾರ್ಮೋನಿಯಂಗೆ ಇಲ್ಲವೆಂದು ಆಕಾಶವಾಣಿ ದೂರಿದ್ದ ಗಮಕ ಬಂದೇಬಿಡುತ್ತದೆ. ಆದರೂ ಯಾರೂ ಹಾರ್ಮೋನಿಯಂ ಬಿಟ್ಟು ನಾಟಕಕ್ಕೆ ಇಳಿಯುವುದಿಲ್ಲ. ಪಾತ್ರಧಾರಿಗೆ ತಿಂಗಳುಗಟ್ಟಲೆ ಹಾಡು ಕಲಿಸಿ, ರಂಗದ ಮೇಲೆ ಸಾಲು ಮರೆತಾಗ ತಾನೇ ಎತ್ತಿಕೊಡುವವರು ಆ ಮೇಷ್ಟ್ರು ತಾನೆ? ಜೊತೆಗೊಂದು ಲೌಕಿಕ ಕಾರಣವೂ ಉಂಟು: ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಜನರೇಟರ್ ಹತ್ತುವ ತನಕ ಭೀಮನ ಶ್ರುತಿ ಬಿಡದಂತೆ ಕಾಯುವುದು ತಿದಿಯ ವಾದ್ಯವೊಂದೇ.

ತಾಳದ ಕಡೆ ಬಂದ ಯಂತ್ರ ಪ್ಯಾಡ್. ರೋಲ್ಯಾಂಡ್ ಕಂಪನಿಯ ಆಕ್ಟಪ್ಯಾಡ್ ಬಂದದ್ದು 1985ರಲ್ಲಿ. ಎಂಟು ರಬ್ಬರ್ ಚೌಕ, ಕಡ್ಡಿಯಲ್ಲಿ ಹೊಡೆದರೆ ಜೋಡಿಸಿದ ಸದ್ದು ಹೊರಡುತ್ತದೆ. ರಸಮಂಜರಿಯಲ್ಲಿ ಇವತ್ತು ಅದಿಲ್ಲದ ತಂಡವಿಲ್ಲ. ತಮಟೆಯ ತವರಿನಲ್ಲೇ ರಬ್ಬರ್ ಚೌಕದಿಂದ ತಮಟೆ ಸದ್ದು ಬರುತ್ತದೆ, ತಮಟೆಯವರು ಅತ್ತ ಮೆರವಣಿಗೆಗೆ ಕಾಯುತ್ತಾ ನಿಂತಿರುತ್ತಾರೆ. ಜೀವನೋಪಾಯದ ಈ ಪ್ರಶ್ನೆಗೆ ಬೇರೆಯದೇ ಲೇಖನ ಬೇಕು.

ಇಷ್ಟೆಲ್ಲ ನಡೆದರೂ ದಾಖಲೆ ಏಕೆ ಉಳಿಯಲಿಲ್ಲ? ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕ ನಿಲ್ಲಿಸಿ, ಹಾಡು ಕಥೆಗಳನ್ನು ಟೇಪಿಗೆ ಇಳಿಸಿದರು. ಆ ಋಣ ದೊಡ್ಡದು. ಆದರೆ ಅಂಥ ಸಂಗ್ರಹಕಾರರ ಧ್ವನಿಮುದ್ರಣ ಯಂತ್ರ ಹುಡುಕುತ್ತಿದ್ದುದು ಕಲಬೆರಕೆಯಾಗದ ಜಾನಪದವನ್ನು. ಅದೇ ಜಾತ್ರೆಯ ಅದೇ ರಾತ್ರಿ ಪಕ್ಕದ ವೇದಿಕೆಯಲ್ಲಿ ನುಡಿಯುತ್ತಿದ್ದ ಕೀಬೋರ್ಡ್ ಜಾನಪದವೂ ಅಲ್ಲ, ಶಾಸ್ತ್ರೀಯವೂ ಅಲ್ಲ, ಅಹಮದಾಬಾದಿನವರ ಅರ್ಥದ ಪ್ರಯೋಗವೂ ಅಲ್ಲ. ಅದು ಉಳಿದದ್ದು ಮದುವೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ, ನಾಟಕವನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಸುರುಳಿಯಲ್ಲಿ, ಕರಪತ್ರದಲ್ಲಿ.

ಇಂಥ ಸುರುಳಿಗಳಿಗೆ ತಾರೀಖು ಬರೆದಿರುವುದಿಲ್ಲ. ಕಾಲ ಗುರುತಿಸಲು ಒಂದು ದಾರಿ ಇದೆ. ಕ್ಯಾಸಿಯೊ ಕಂಪನಿಯ ಮೊದಲ ಕೀಬೋರ್ಡಾದ ಕ್ಯಾಸಿಯೊಟೋನ್ ಪೇಟೆಗೆ ಬಂದದ್ದು 1980ರಲ್ಲಿ. ಆಮೇಲಿನ ಹೆಚ್ಚಿನ ಮಾದರಿಗಳ ಒಳಗೆ ಕಂಪನಿಯವರು ತುಂಬಿಟ್ಟ ತಾಳಗಳಿದ್ದವು, ಒಂದೊಂದಕ್ಕೂ ಒಂದು ಚಹರೆ. 1981ರ ಎಂಟಿ-40ಯಲ್ಲಿ ಹಿರೋಕೊ ಒಕುಡಾ ಎಂಬ ಯುವತಿ ಅಳವಡಿಸಿದ ‘ರಾಕ್’ ತಾಳವೊಂದು 1985ರಲ್ಲಿ ಜಮೈಕಾದ ರೆಗೆಯ ದಿಕ್ಕನ್ನೇ ಬದಲಿಸಿತು. ಆ ತಾಳ ಕೇಳಿದ ಕೂಡಲೇ ಯಂತ್ರ ಯಾವುದೆಂದು ಬಲ್ಲವರು ಹೇಳಿಬಿಡುತ್ತಾರೆ. ನಮ್ಮ ಸುರುಳಿಗಳನ್ನೂ ಹೀಗೇ ಓದಬಹುದು. ಹಳೆಯ ಮಾದರಿಗಳಲ್ಲಿ ನಾಲ್ಕರ ಮತ್ತು ಮೂರರ ಎಣಿಕೆಯ ತಾಳಗಳೇ ಹೆಚ್ಚು. ಹಾಗಾಗಿ ತಿಶ್ರದ ಹಾಡಿಗೆ ‘ವಾಲ್ಟ್ಸ್’ ಗುಂಡಿ ಒತ್ತುತ್ತಿದ್ದರು, ಖಂಡ ಮಿಶ್ರಗಳು ಬಂದಾಗ ಯಂತ್ರ ನಿಲ್ಲಿಸಿ ತಬಲದವರ ಮುಖ ನೋಡುತ್ತಿದ್ದರು. ತಬಲ, ಢೋಲಕ್ ತಾಳಗಳನ್ನು ಒಳಗೇ ತುಂಬಿ ಭಾರತಕ್ಕೆಂದೇ ಮಾಡಿದ ಮಾದರಿಗಳು ಬಂದದ್ದು 2000ದ ಈಚೆಗೆ. ಸುರುಳಿಯಲ್ಲಿ ವಾಲ್ಟ್ಸ್ ಕೇಳಿದರೆ ಒಂದು ಕಾಲ, ಯಂತ್ರದ ಢೋಲಕ್ ಕೇಳಿದರೆ ಇನ್ನೊಂದು ಕಾಲ. ಕೀಬೋರ್ಡ್ ಸುಮ್ಮನಾಗಿ ತಬಲ ಒಂದೇ ಉಳಿಯುವ ಜಾಗಗಳನ್ನು ಗುರುತು ಹಾಕಿಕೊಂಡರೆ, ಆ ತಂಡದ ಬಳಿ ಯಾವ ಯಂತ್ರ ಇರಲಿಲ್ಲ ಎಂಬುದೂ ತಿಳಿಯುತ್ತದೆ.