ದೀಪವಿಲ್ಲದ ಊರುಗಳ ಲೆಕ್ಕ

ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತಿದೆ. ಊರಿಗೆ ಹೆಸರಿದೆ, ಸರ್ವೆ ನಂಬರುಗಳಿವೆ, ಜನರಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತರ ಬಾಯಲ್ಲಿ ಅದು ಹಾಳೂರು. ಉರ್ದು ಓದಿದ ನನಗೆ ಆ ಸರ್ಕಾರಿ ಪದದೊಳಗಿನ ‘ಬೇ-ಚಿರಾಗ್’ ತಟ್ಟನೆ ಕೇಳಿಸುತ್ತದೆ. ಹಾಗೆಂದರೆ ದೀಪವಿಲ್ಲದ್ದು. ಪಾರ್ಸಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದ ಯಾವನೋ ಗುಮಾಸ್ತ, ಸಂಜೆ ದೀಪ ಹಚ್ಚುವವರೇ ಇಲ್ಲದ ಊರಿನ ಕಥೆಯನ್ನು ಒಂದೇ ಪದದಲ್ಲಿ ಹೇಳಿಬಿಟ್ಟಿದ್ದಾನೆ.

ಇಲ್ಲಿ ಊರು ಆರಿಹೋಗುವುದು ಹೊಸತಲ್ಲ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಇಸಿಲ ಎಂಬ ಪಟ್ಟಣದ ಹೆಸರಿದೆ. ಅಲ್ಲಿ ಮೌರ್ಯರ ಅಧಿಕಾರಿಗಳಿದ್ದರು. ಇಂದು ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡದಲ್ಲಿ ಉಳಿದಿರುವುದು ಕಲ್ಲುಗೋರಿಗಳು ಮತ್ತು 1947ರಲ್ಲಿ ವ್ಹೀಲರ್ ಅಗೆಸಿದ ನೆಲ.

ಜನರನ್ನು ಬರವೊಂದೇ ಖಾಲಿ ಮಾಡಲಿಲ್ಲ. 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರಾಲಿ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರ ಹುಡುಗರಿಂದ ಚೇಲಾ ಪಡೆ ಕಟ್ಟಿದ ಎಂದು ರೈಸ್ ಬರೆಯುತ್ತಾನೆ. ಹೈದರನ ಶೌರ್ಯವನ್ನು ಹೆಮ್ಮೆಯಿಂದ ನೆನೆಯುವ ನಾವು ಈ ಲೆಕ್ಕವನ್ನೂ ಓದಬೇಕು.

ಎಲ್ಲಕ್ಕಿಂತ ದೊಡ್ಡ ಪೆಟ್ಟು 1876-78ರದು. ಹಿರಿಯರು ಅದನ್ನು ಧಾತು-ಈಶ್ವರ ಸಂವತ್ಸರಗಳ ಬರ ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಕಡಿಮೆ. ಈ ಅಂತರವೂ ಪೂರ್ಣ ಸತ್ಯವಲ್ಲ, ಯಾಕೆಂದರೆ ಬರ ಬರದಿದ್ದರೆ ಆ ಹತ್ತು ವರ್ಷಗಳಲ್ಲಿ ಹುಟ್ಟಿ ಬೆಳೆಯಬೇಕಿದ್ದ ಮಕ್ಕಳು ಇದರಲ್ಲಿಲ್ಲ. ಪೂರ್ವದ ಒಣ ಜಿಲ್ಲೆಗಳಿಗೆ ಪೆಟ್ಟು ಹೆಚ್ಚು. ಬೆಂಗಳೂರಿಗೆ ರೈಲು ಬಂದಿತ್ತು, ನಮ್ಮ ಕಡೆಗೆ ಬಂದಿರಲಿಲ್ಲ. ಧಾನ್ಯ ಗಾಡಿಯಲ್ಲೇ ಬರಬೇಕು. ಮೇವಿಲ್ಲದೆ ಎತ್ತುಗಳೇ ಸತ್ತ ಮೇಲೆ ಗಾಡಿ ಎಳೆಯುವುದು ಯಾವುದು? 1891ರಲ್ಲೂ ಸಂಸ್ಥಾನದ ಜನ 49,43,604, ಅಂದರೆ ಇಪ್ಪತ್ತು ವರ್ಷ ಕಳೆದರೂ ಹಳೆಯ ಸಂಖ್ಯೆ ಮುಟ್ಟಲಿಲ್ಲ. ಅದನ್ನು ದಾಟಿದ್ದು 1901ರಲ್ಲಿ.

ಆಮೇಲೆ ಶೇಂಗಾ ಬಂತು, ಎಣ್ಣೆ ಗಿರಣಿಗಳು ಚಳ್ಳಕೆರೆಯನ್ನು ಬೆಳೆಸಿದವು. 2001ರಲ್ಲಿ ಸುಮಾರು 49 ಸಾವಿರವಿದ್ದ ಪಟ್ಟಣದ ಜನ 2011ಕ್ಕೆ 55 ಸಾವಿರ ದಾಟಿತು. ಮೊಳಕಾಲ್ಮೂರನ್ನು ರೇಷ್ಮೆ ಮಗ್ಗಗಳು ಹಿಡಿದು ನಿಲ್ಲಿಸಿದವು. ಇನ್ನು ಹಟ್ಟಿಗಳ ಕಥೆ ಬೇಚರಾಕ್ ಗ್ರಾಮದ್ದಕ್ಕೆ ತಿರುಗುಮುರುಗು. ಮ್ಯಾಸಬೇಡರು, ಕಾಡುಗೊಲ್ಲರು ತಲೆಮಾರುಗಳಿಂದ ಬಾಳಿದ ಎಷ್ಟೋ ಹಟ್ಟಿಗಳಿಗೆ ದಾಖಲೆಯಲ್ಲಿ ಊರೆಂಬ ಹೆಸರೇ ಇರಲಿಲ್ಲ. ಜನವಿಲ್ಲದ ಊರಿಗೆ ಖಾತೆಯಿತ್ತು, ಜನವಿದ್ದ ಹಟ್ಟಿಗೆ ಇರಲಿಲ್ಲ! ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಲು ಕಾನೂನು ತಿದ್ದುಪಡಿ ಜಾರಿಯಾದದ್ದು 2017ರಲ್ಲಿ. ಅಷ್ಟರಲ್ಲಿ ಅಮೃತಮಹಲ್ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿ, ಕುರಿ ದನ ಮೇಯುತ್ತಿದ್ದಲ್ಲಿ ಗೋಡೆ ಎದ್ದಿತ್ತು.

2011ರಲ್ಲಿ ಜನರನ್ನು ಎಣಿಸಿದ್ದು ಫೆಬ್ರವರಿಯಲ್ಲಿ. ಮುಂದಿನ ಎಣಿಕೆಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಸುಗ್ಗಿ ಮುಗಿದು ಬೇಸಿಗೆ ಕಾಲಿಡುವ ಹೊತ್ತು ಅದು. ದುಡಿಯುವವರು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೋಗಿರುತ್ತಾರೆ, ಕುರಿಯವರು ಹುಲ್ಲು ನೀರು ಇದ್ದ ಕಡೆ ಮಂದೆ ಹೊಡೆದುಕೊಂಡು ಹೋಗಿರುತ್ತಾರೆ. ಬಾಗಿಲಿಗೆ ಬಂದ ಮೇಷ್ಟ್ರಿಗೆ ಮನೆಯವರ ಹೆಸರು ಬರೆಸಲು ಹೆಚ್ಚಾಗಿ ಉಳಿದಿರುವವರು ಮುದುಕರು.