ಫೋನ್ ‘ಹ್ಯಾಂಗ್’ ಆದಾಗ ಮತ್ತೆ ಮತ್ತೆ ಒತ್ತಬೇಕೇ? ಆ್ಯಪ್‌ಗಳೊಳಗಿನ ‘ಈವೆಂಟ್ ಲೂಪ್’ ಏನು ಹೇಳುತ್ತದೆ?

ಫೋನ್ ಸ್ವಲ್ಪ ತಡವಾಗಿ ಸ್ಪಂದಿಸಿದರೆ ಸಾಕು, ಸಲಹೆಗಳಿಗೆ ಬರವಿಲ್ಲ. ‘ಇನ್ನೆರಡು ಸಲ ಒತ್ತಿ ನೋಡಿ’, ‘ಹಿಂದೆ ತೆರೆದಿರುವ ಆ್ಯಪ್‌ಗಳನ್ನೆಲ್ಲ ಮುಚ್ಚಿ’, ‘ವೈರಸ್ ಬಂದಿರಬೇಕು’ ಎಂಬ ಮಾತುಗಳು ಮನೆಯಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತಲೇ ಇರುತ್ತವೆ. ಹಾಡು ಕೇಳುವ ಆ್ಯಪ್‌ನಲ್ಲಿ ಎರಡು ಸಲ ಒತ್ತಿದರೆ ನಷ್ಟವೇನೂ ಇಲ್ಲ. ಹಣ ಕಳಿಸುವಾಗ ಅದೇ ಸಲಹೆ ಪಾಲಿಸಿದರೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕೊಟ್ಟಂತಾಗಬಹುದು. ಈ ಸಲಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯಬೇಕಾದರೆ ಪ್ರತಿ ಆ್ಯಪ್‌ನ ಒಳಗೂ ಸುತ್ತುತ್ತಿರುವ ‘ಈವೆಂಟ್ ಲೂಪ್’ ಎಂಬ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಬೇಕು. ಅದು ಅಷ್ಟೇನೂ ಕಷ್ಟದ ವಿಷಯವಲ್ಲ.

ಈವೆಂಟ್ ಲೂಪ್ ಎಂದರೇನು?

ಬೆಳಗಿನ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಅಡುಗೆ ಮಾಡುವವರು ಒಬ್ಬರೇ, ಇರುವುದು ಎರಡೇ ಕೈ. ಒಂದು ಒಲೆಯ ಮೇಲೆ ಬೇಳೆಯ ಕುಕ್ಕರ್ ಇಟ್ಟು, ಅದು ಕೂಗುವವರೆಗೆ ಯಾರೂ ಅದರ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ. ಅಷ್ಟರಲ್ಲಿ ತರಕಾರಿ ಹೆಚ್ಚುತ್ತಾರೆ, ಹಿಟ್ಟು ಕಲಸುತ್ತಾರೆ. ಕುಕ್ಕರ್ ಮೂರು ಸಲ ಕೂಗಿತೋ, ಎದ್ದು ಹೋಗಿ ಒಲೆ ಆರಿಸಿ ಮತ್ತೆ ಕೆಲಸಕ್ಕೆ ಮರಳುತ್ತಾರೆ.

ಆ್ಯಪ್ ಕೂಡ ಇದನ್ನೇ ಮಾಡುತ್ತದೆ. ಸರ್ವರ್‌ನಿಂದ ಚಿತ್ರ ಬರಬೇಕು, ಬ್ಯಾಂಕಿನಿಂದ ಉತ್ತರ ಬರಬೇಕು, ನೀವು ಪರದೆ ಮುಟ್ಟಬೇಕು. ಇವೆಲ್ಲ ಯಾವಾಗ ಆಗುತ್ತವೆಂದು ಆ್ಯಪ್‌ಗೆ ಗೊತ್ತಿರುವುದಿಲ್ಲ. ಹಾಗಾಗಿ ಅದು ಒಂದು ಸುತ್ತಿನಲ್ಲಿ ತಿರುಗುತ್ತಿರುತ್ತದೆ: ‘ಏನಾದರೂ ಆಯಿತೇ? ಆಗಿದ್ದರೆ ಅದಕ್ಕೆ ಗೊತ್ತುಮಾಡಿದ ಕೆಲಸ ಮುಗಿಸು. ಆಗಿಲ್ಲದಿದ್ದರೆ ನಿದ್ದೆ ಮಾಡು, ಆದಾಗ ಎಬ್ಬಿಸಲಿ’. ಆಗುವ ಸಂಗತಿ ‘ಈವೆಂಟ್’, ಈ ಸುತ್ತು ‘ಲೂಪ್’. ಒಂದು ಕೆಲಸದ ಉತ್ತರಕ್ಕೆ ಕಾದು ನಿಲ್ಲದೆ ಬೇರೆ ಕೆಲಸ ಮುಂದುವರಿಸುವ ಈ ಬಗೆಯನ್ನು ‘ಅಸಿಂಕ್ರೊನಸ್’ ಪ್ರೋಗ್ರಾಮಿಂಗ್ ಎನ್ನುತ್ತಾರೆ.

ಕೂಗಿ ಹೇಳುವವರು ಯಾರು?

ಕುಕ್ಕರ್ ತಾನಾಗಿ ಕೂಗುತ್ತದೆ. ಹಾಲು ಹಾಗಲ್ಲ, ಆಗಾಗ ಹೋಗಿ ನೋಡುತ್ತಲೇ ಇರಬೇಕು. ಕಂಪ್ಯೂಟರ್‌ಗಳ ಚರಿತ್ರೆಯಲ್ಲೂ ಈ ಎರಡು ದಾರಿಗಳಿವೆ.

ಒಂದು ಪ್ರೋಗ್ರಾಂ ನೆಟ್‌ವರ್ಕ್‌ನಲ್ಲಿ ಸಂಪರ್ಕ ತೆರೆದಾಗಲೆಲ್ಲ ಆಪರೇಟಿಂಗ್ ಸಿಸ್ಟಂ ಅದಕ್ಕೊಂದು ಟೋಕನ್ ಸಂಖ್ಯೆ ಕೊಡುತ್ತದೆ. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್‌ನಲ್ಲಿ ಬಂದ ‘ಸೆಲೆಕ್ಟ್’ ಎಂಬ ಸೌಲಭ್ಯದಲ್ಲಿ ಪ್ರೋಗ್ರಾಂ ಪ್ರತಿ ಸಲವೂ ಈ ಟೋಕನ್‌ಗಳ ಇಡೀ ಪಟ್ಟಿ ಕೊಟ್ಟು ‘ಇವುಗಳಲ್ಲಿ ಯಾವುದಕ್ಕೆ ಉತ್ತರ ಬಂದಿದೆ?’ ಎಂದು ಕೇಳಬೇಕಿತ್ತು. ಹತ್ತಾರು ಸಂಪರ್ಕಗಳಿದ್ದಾಗ ತೊಂದರೆಯಿಲ್ಲ. ಸಾವಿರಾರು ಆದಾಗ ಪಟ್ಟಿ ಓದುವುದೇ ದೊಡ್ಡ ಕೆಲಸವಾಗುತ್ತದೆ.

ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ‘ಥ್ರೆಡ್’, ಅಂದರೆ ಬೇರೆಯೇ ಒಬ್ಬ ಕೆಲಸದವರನ್ನು ಇಡುವ ದಾರಿಯೂ ಇದೆ. ಆದರೆ ಪ್ರತಿಯೊಬ್ಬರಿಗೂ ಮೆಮೊರಿಯಲ್ಲಿ ಜಾಗ ಬೇಕು, ಒಬ್ಬರಿಂದ ಇನ್ನೊಬ್ಬರಿಗೆ ಕೆಲಸ ಬದಲಿಸಲು ಸಮಯ ಬೇಕು. ಒಂದೇ ಸರ್ವರ್ ಏಕಕಾಲಕ್ಕೆ 10,000 ಗ್ರಾಹಕರನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಎಂಜಿನಿಯರ್ ಎತ್ತಿದರು. ಅದು ‘ಸಿ10ಕೆ ಸಮಸ್ಯೆ’ ಎಂದೇ ಹೆಸರಾಯಿತು.

ಉತ್ತರ ಸಿಗಲು ಹೆಚ್ಚು ಕಾಲ ಬೇಕಾಗಲಿಲ್ಲ. 2000ದಲ್ಲಿ ಫ್ರೀಬಿಎಸ್‌ಡಿಗೆ ‘ಕೆ-ಕ್ಯೂ’, 2002ರಲ್ಲಿ ಲಿನಕ್ಸ್‌ಗೆ ‘ಈ-ಪೋಲ್’ ಬಂದವು. ಇವುಗಳಲ್ಲಿ ಟೋಕನ್‌ಗಳನ್ನು ಒಮ್ಮೆ ನೋಂದಾಯಿಸಿದರೆ ಸಾಕು. ಮಾಹಿತಿ ಬಂದಾಗ ನೆಟ್‌ವರ್ಕ್ ಚಿಪ್ ಪ್ರೊಸೆಸರ್‌ಗೆ ಸನ್ನೆ ಮಾಡುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಆ ಟೋಕನ್ನನ್ನು ‘ಸಿದ್ಧ’ ಎಂಬ ಪಟ್ಟಿಗೆ ಸೇರಿಸಿ, ಮಲಗಿದ್ದ ಪ್ರೋಗ್ರಾಂ ಅನ್ನು ಎಬ್ಬಿಸುತ್ತದೆ. ಸಿದ್ಧವಾದವುಗಳ ಪಟ್ಟಿ ಮಾತ್ರ ಕೈಗೆ ಬರುತ್ತದೆ.

ಇದರ ಬಲ ಎಷ್ಟೆಂದರೆ, 2012ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಒಂದೇ ಸರ್ವರ್‌ನಲ್ಲಿ ಏಕಕಾಲಕ್ಕೆ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ನಿಭಾಯಿಸಿದ್ದಾಗಿ ತಿಳಿಸಿತ್ತು. ಆ ಸರ್ವರ್ ನಡೆಯುತ್ತಿದ್ದುದು ಫ್ರೀಬಿಎಸ್‌ಡಿಯಲ್ಲಿ. ನಿಮ್ಮ ಆಂಡ್ರಾಯ್ಡ್ ಫೋನಿನ ಬುಡದಲ್ಲಿರುವುದು ಲಿನಕ್ಸ್. ಅದರ ಆ್ಯಪ್‌ಗಳನ್ನು ಎಬ್ಬಿಸುವುದೂ ಇದೇ ‘ಈ-ಪೋಲ್’.

ಹಾಗಾದರೆ ಆ್ಯಪ್ ಹ್ಯಾಂಗ್ ಆಗುವುದೇಕೆ?

ಮತ್ತೆ ಅಡುಗೆಮನೆಗೆ ಬನ್ನಿ. ಒಲೆಯ ಮೇಲೆ ಹಾಲಿಟ್ಟು, ಒರಳಿನಲ್ಲಿ ರುಬ್ಬಲು ಕೂತು ಹತ್ತು ನಿಮಿಷ ಏಳದಿದ್ದರೆ ಏನಾಗುತ್ತದೆ? ಹಾಲು ಉಕ್ಕುತ್ತದೆ, ಕುಕ್ಕರ್ ಕೂಗುತ್ತಲೇ ಇರುತ್ತದೆ, ಬಾಗಿಲು ಬಡಿದರೂ ತೆರೆಯುವವರಿಲ್ಲ.

ಆಂಡ್ರಾಯ್ಡ್ ಆ್ಯಪ್‌ನಲ್ಲಿ ನಿಮ್ಮ ಸ್ಪರ್ಶಕ್ಕೆ ಸ್ಪಂದಿಸುವುದೂ ಪರದೆಗೆ ಹೊಸ ಚಿತ್ರ ಸಿದ್ಧಪಡಿಸುವುದೂ ಒಂದೇ ಮುಖ್ಯ ಥ್ರೆಡ್. ಅದನ್ನು ಸುತ್ತಿಸುವ ಭಾಗದ ಹೆಸರೇ ‘ಲೂಪರ್’. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್. ಯಾವುದೋ ಭಾರದ ಕೆಲಸ ಈ ಥ್ರೆಡ್‌ನಲ್ಲಿ ಕೂತುಬಿಟ್ಟರೆ ಸ್ಕ್ರೋಲ್ ಮಾಡುವಾಗ ಪರದೆ ತಡವರಿಸುತ್ತದೆ. ನೀವು ಮುಟ್ಟಿದ್ದಕ್ಕೆ 5 ಸೆಕೆಂಡ್‌ವರೆಗೂ ಸ್ಪಂದನೆ ಇಲ್ಲದಿದ್ದರೆ, ‘ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಎಂದು ಆಂಡ್ರಾಯ್ಡೇ ಗುರುತಿಸುತ್ತದೆ. ಇದೇ ಕಾರಣಕ್ಕೆ, ಮುಖ್ಯ ಥ್ರೆಡ್‌ನಲ್ಲಿ ಕೂತು ಇಂಟರ್‌ನೆಟ್ ಉತ್ತರಕ್ಕೆ ಕಾಯುವುದನ್ನು ಆಂಡ್ರಾಯ್ಡ್ 3.0ರಿಂದಲೇ ತಪ್ಪೆಂದು ತಡೆಯಲಾಗುತ್ತಿದೆ.

ಈಗ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಮತ್ತೆ ಮತ್ತೆ ಒತ್ತಿದರೆ ಬೇಗ ಆಗುತ್ತದೆ

ತಪ್ಪು. ಪ್ರತಿ ಒತ್ತುವಿಕೆಯೂ ಒಂದು ಹೊಸ ಈವೆಂಟ್. ಲೂಪ್ ಬಿಡುವಿಲ್ಲದೆ ಇದ್ದಾಗ ಒತ್ತಿದ್ದೆಲ್ಲ ಸರದಿಯಲ್ಲಿ ನಿಲ್ಲುತ್ತದೆ. ಅದಕ್ಕೇ ಕೆಲವೊಮ್ಮೆ ಫೋನ್ ಎಚ್ಚೆತ್ತ ತಕ್ಷಣ ಒಂದರ ಹಿಂದೊಂದು ಪುಟ ತೆರೆದುಕೊಳ್ಳುವುದು.

ನಂಬಿಕೆ 2: ಹಿಂದೆ ಇರುವ ಆ್ಯಪ್‌ಗಳನ್ನೆಲ್ಲ ಮುಚ್ಚಿದರೆ ಫೋನ್ ಚುರುಕಾಗುತ್ತದೆ

ಬಹುಪಾಲು ತಪ್ಪು. ಈವೆಂಟ್‌ಗಾಗಿ ಮಲಗಿರುವ ಆ್ಯಪ್ ಪ್ರೊಸೆಸರ್ ಬಳಸುವುದಿಲ್ಲ. ಅದು ಹಿಡಿದಿರುವ ಮೆಮೊರಿ ಬೇಕಾದಾಗ ಆಪರೇಟಿಂಗ್ ಸಿಸ್ಟಂ ತಾನೇ ಅದನ್ನು ತೆಗೆದುಹಾಕುತ್ತದೆ. ನೀವೇ ಮುಚ್ಚಿದರೆ ಮುಂದಿನ ಸಲ ಮೊದಲಿನಿಂದ ತೆರೆಯಬೇಕು, ಅದಕ್ಕೆ ಬ್ಯಾಟರಿ ಹೆಚ್ಚು ಬೇಕು. 2016ರಲ್ಲಿ ಆ್ಯಪಲ್ ಮತ್ತು ಆಂಡ್ರಾಯ್ಡ್ ಎರಡರ ಸಾಫ್ಟ್‌ವೇರ್ ಮುಖ್ಯಸ್ಥರೂ ಹೀಗೆ ಮುಚ್ಚುವ ಅಗತ್ಯವಿಲ್ಲ ಎಂದಿದ್ದರು. ಆದರೆ ಒಂದೇ ಆ್ಯಪ್ ಪೂರ್ತಿ ಹೆಪ್ಪುಗಟ್ಟಿದ್ದರೆ ಅದೊಂದನ್ನು ಮುಚ್ಚಿ ತೆರೆಯುವುದು ಸರಿಯಾದ ಕ್ರಮ.

ನಂಬಿಕೆ 3: ಹ್ಯಾಂಗ್ ಆಯಿತೆಂದರೆ ವೈರಸ್ ಬಂದಿದೆ

ಹಾಗೇನಿಲ್ಲ. ಮುಖ್ಯ ಥ್ರೆಡ್‌ಗೆ ಭಾರದ ಕೆಲಸ ಹೊರಿಸಿದ ಆ್ಯಪ್, ತುಂಬಿಹೋದ ಸ್ಟೋರೇಜ್, ಕಡಿಮೆ ಮೆಮೊರಿ ಇವೇ ಸಾಮಾನ್ಯ ಕಾರಣಗಳು. ‘ವೈರಸ್ ತೆಗೆಯಲು ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ, ನಿಜವಾದ ಅಪಾಯ ಇರುವುದು ಆ ಲಿಂಕ್‌ನಲ್ಲೇ.

ನಂಬಿಕೆ 4: ಚಕ್ರ ತಿರುಗುತ್ತಲೇ ಇದ್ದರೆ ಹಣ ಹೋಗಿಲ್ಲ

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು. ಚಕ್ರ ಹೇಳುವುದು ಇಷ್ಟೇ: ‘ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ’. ಉತ್ತರ ಬಂದಿಲ್ಲ ಎಂದರೆ ಕೆಲಸ ಆಗಿಲ್ಲ ಎಂದಲ್ಲ. ನಿಮ್ಮ ಕೋರಿಕೆ ಬ್ಯಾಂಕ್ ತಲುಪಿ, ಹಣ ಕಡಿತವಾಗಿ, ವಾಪಸ್ ಬರಬೇಕಾದ ಉತ್ತರ ಮಾತ್ರ ದಾರಿಯಲ್ಲಿ ತಡವಾಗಿರಬಹುದು. ನೀವು ಮತ್ತೆ ಪಿನ್ ಹಾಕಿ ಕಳಿಸಿದರೆ ಅದು ಹೊಸ ವ್ಯವಹಾರ. ಹಳೆಯದು ರದ್ದಾಗುವುದಿಲ್ಲ.

ಪಾವತಿ ನಡುವೆ ನಿಂತರೆ ಏನು ಮಾಡಬೇಕು?

• ತಕ್ಷಣ ಮತ್ತೆ ಕಳಿಸಬೇಡಿ. ಮೊದಲು ಆ್ಯಪ್‌ನ ವ್ಯವಹಾರಗಳ ಪಟ್ಟಿ, ಬ್ಯಾಂಕಿನ ಎಸ್‌ಎಂಎಸ್, ಖಾತೆಯ ಬ್ಯಾಲೆನ್ಸ್ ನೋಡಿ.

• ‘ಪೆಂಡಿಂಗ್’ ಎಂದಿದ್ದರೆ ಅದು ಯಶಸ್ವಿಯೋ ವಿಫಲವೋ ಎಂದು ತೀರ್ಮಾನವಾಗುವವರೆಗೆ ಕಾಯಿರಿ. ಅಂಗಡಿಯವರಿಗೂ ಹಣ ಬಂದಿದೆಯೇ ನೋಡಲು ಹೇಳಿ.

• ಖಾತೆಯಿಂದ ಹಣ ಹೋಗಿ ಎದುರಿನವರಿಗೆ ತಲುಪದಿದ್ದರೆ ಹೆದರಬೇಕಿಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ವ್ಯಕ್ತಿಗೆ ಕಳಿಸಿದ ಹಣ ಮರುದಿನದೊಳಗೆ, ಅಂಗಡಿಗೆ ಕಳಿಸಿದ ಹಣ 5 ದಿನದೊಳಗೆ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

• ದೂರು ಕೊಡಬೇಕಾದರೆ ಆ್ಯಪ್‌ನ ಒಳಗಿನ ಸಹಾಯ ವಿಭಾಗ ಅಥವಾ ನಿಮ್ಮ ಬ್ಯಾಂಕನ್ನೇ ಬಳಸಿ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗೆ ಕರೆ ಮಾಡಬೇಡಿ. ಪಿನ್ ಯಾರಿಗೂ ಹೇಳಬೇಡಿ. ಹಣ ವಾಪಸ್ ಪಡೆಯಲು ಪಿನ್ ಬೇಕಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಆ್ಯಪ್ ನೀವು ಒತ್ತಿದ್ದನ್ನು ಮರೆತಿರುವುದಿಲ್ಲ, ಅದು ಸರದಿಯಲ್ಲಿರುತ್ತದೆ ಅಥವಾ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ‘ಮತ್ತೆ ಒತ್ತಿ ನೋಡಿ’ ಎಂಬ ಸಲಹೆ ಇನ್ನೊಮ್ಮೆ ನಿಮ್ಮ ಗುಂಪಿಗೆ ಬಂದರೆ, ಹಣದ ವಿಷಯದಲ್ಲಿ ಅದು ಅನ್ವಯಿಸುವುದಿಲ್ಲ ಎಂದು ಕಾರಣ ಸಮೇತ ತಿಳಿಸಿ.